ಹಿಫ್ಝ್ ಹುಡುಗರಿಗೆ ಕಣ್ಣಿನ ಪಾಠ ಹೇಗೆ ಮಾಡಲಿ?

ಮದರಸ ಮೇಷ್ಟ್ರು:
ಅಸ್ಸಲಾಮು ಅಲೈಕುಮ್. ನನ್ನ ತರಗತಿಯಲ್ಲಿ ಹನ್ನೆರಡರಿಂದ ಹದಿನೈದರ ಹುಡುಗರು. ಹಗಲೆಲ್ಲ ಶಾಲೆ, ಸಂಜೆ ನಮ್ಮಲ್ಲಿ ಹಿಫ್ಝ್, ಅಂದರೆ ಕುರ್‌ಆನ್ ಕಂಠಪಾಠ. ಹಿಂದಿನ ಸಾಲಿನವರು ಬೋರ್ಡು ಓದಲು ಕಣ್ಣು ಕಿರಿದು ಮಾಡುತ್ತಾರೆ. ಕೆಲವರ ಮೂಗು ಮುಸ್‌ಹಫ್‌ಗೆ (ಕುರ್‌ಆನ್ ಪ್ರತಿಗೆ) ತಾಗುವುದೊಂದು ಬಾಕಿ. ಸಮೀಪದೃಷ್ಟಿ ತಡೆಯುವ ಬಗ್ಗೆ ಪಾಠ ಮಾಡಬೇಕೆಂದಿದ್ದೇನೆ. "ಮೊಬೈಲ್ ಬಿಡಿ" ಅಂದರೆ ನಗುತ್ತಾರೆ. "ಕಣ್ಣು ಅಲ್ಲಾಹ್ ನಮ್ಮ ಕೈಗೊಪ್ಪಿಸಿದ ಅಮಾನತ್" ಅಂದರೆ ತಲೆಯಾಡಿಸಿ ಮರೆಯುತ್ತಾರೆ. ಏನು ಹೇಳಲಿ?

ಕನ್ನಡಕದ ಅಕ್ಕ:
ವಅಲೈಕುಮುಸ್ಸಲಾಮ್ ಉಸ್ತಾದ್. ಕಣ್ಣು ಪರೀಕ್ಷಿಸುವುದೇ ನನ್ನ ಕೆಲಸ. ಮೊಬೈಲ್ ಮಾತು ಬದಿಗಿರಲಿ, ಹಗಲಿನ ಬೆಳಕಿನಿಂದ ಶುರು ಮಾಡಿ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಅತಿಯಾಗಿ ಉದ್ದವಾದರೆ ದೂರದ ಬಿಂಬ ಅಕ್ಷಿಪಟಲ (ಕಣ್ಣಿನ ಹಿಂಬದಿಯ ಪರದೆ) ಮುಟ್ಟುವ ಮೊದಲೇ ಮೂಡಿಬಿಡುತ್ತದೆ. ಉದ್ದವಾದದ್ದು ಮತ್ತೆ ಕುಗ್ಗುವುದಿಲ್ಲ. ಹೊರಗಿನ ಬೆಳಕು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಚೀನಾದ ಗುವಾಂಗ್‌ಝೌನಲ್ಲಿ ಕೆಲವು ಶಾಲೆಗಳಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ತರಗತಿ ಸೇರಿಸಿ ನೋಡಿದರು. ಫಲಿತಾಂಶ 2015ರಲ್ಲಿ ಬಂತು. ಮೂರು ವರ್ಷದಲ್ಲಿ ಅಲ್ಲಿ ಸಮೀಪದೃಷ್ಟಿ ಹೊಸದಾಗಿ ಬಂದದ್ದು ಸುಮಾರು ಶೇ. 30 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ. 40ರ ಹತ್ತಿರ. ಅವರು ಒಂದನೇ ತರಗತಿಯವರು, ನಿಮ್ಮವರು ದೊಡ್ಡವರು. ಅಷ್ಟೇ ಲಾಭ ಸಿಗುತ್ತದೆ ಎನ್ನಲಾರೆ. ಸೂರ್ಯನನ್ನೇ ದಿಟ್ಟಿಸಬಾರದು ಅಂತಲೂ ಹೇಳಿ, ಹುಡುಗರಲ್ಲವೇ!

ಒಬ್ಬ ತಂದೆ:
ಕನ್ನಡಕ ಹಾಕಿದಷ್ಟೂ ಪವರ್ ಏರುತ್ತದೆ ಅಂತ ಮನೆಯಲ್ಲಿ ಮಗನ ಕನ್ನಡಕ ತೆಗೆಸುತ್ತಾರೆ. ಸರಿಯಾ?

ಕನ್ನಡಕದ ಅಕ್ಕ:
ಖಂಡಿತ ಇಲ್ಲ ಅಣ್ಣಾ. ಪವರ್ ಏರುವುದು ಗುಡ್ಡೆ ಬೆಳೆಯುವುದರಿಂದ. ಏರಿಕೆ ನಿಧಾನಿಸಲು ಅಟ್ರೋಪಿನ್ ಹನಿ, ವಿಶೇಷ ಲೆನ್ಸ್ ಇವೆ, ಡಾಕ್ಟರನ್ನು ಕೇಳಿ. ಮೈನಸ್ 6 ದಾಟಿದರೆ ಅಕ್ಷಿಪಟಲ ಕಳಚುವ ಅಪಾಯ ಹೆಚ್ಚು.

ಹಳೇ ಹಾಫಿಝ್:
ಉಸ್ತಾದ್, ಪ್ರವಾದಿಯವರ ಸಂಗಾತಿ ಅಬ್ದುಲ್ಲಾಹ್ ಇಬ್ನ್ ಅಮ್ರ್ (ರ) ಅವರ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ತೆಗೆದುಕೊಳ್ಳಿ. ದಿನವೂ ಉಪವಾಸ, ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ಯುವಕ. ಪ್ರವಾದಿ (ಸ) ಆ ಯುವಕನನ್ನು ತಡೆದು, ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ, ಕಣ್ಣಿಗೂ ಹಕ್ಕಿದೆ ಎಂದರು, ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಅದು ನಿದ್ದೆಯ ಸಂದರ್ಭದ ಮಾತು, ನಿಜ. ಆದರೆ ಹೇಳಿದ್ದು ಸೋಮಾರಿಗಲ್ಲ, ಇಬಾದತ್‌ನಲ್ಲೇ (ಆರಾಧನೆಯಲ್ಲೇ) ಅತಿ ಮಾಡಿದವರಿಗೆ. ಹಾಗಾಗಿ ಮೊದಲು ತಟ್ಟಬೇಕಾದದ್ದು ಮಕ್ಕಳನ್ನು ಗಂಟೆಗಟ್ಟಲೆ ಮುಸ್‌ಹಫ್ ಮುಂದೆ ಬಗ್ಗಿಸಿ ಕೂರಿಸುವ ನಮಗೆ. ಹೊಸ ಪಾಠಕ್ಕೆ ರೇಹಲ್ (ಕುರ್‌ಆನ್ ಇಡುವ ಮಣೆ) ಕಣ್ಣಿನಿಂದ ಒಂದು ಮೊಳದಷ್ಟು ದೂರವಿರಲಿ. ಹಳೇ ಪಾಠ ಒಪ್ಪಿಸಲು ಕಣ್ಣು ಯಾಕೆ ಬೇಕು? ಅಸರ್ (ಇಳಿಹೊತ್ತಿನ ನಮಾಝ್) ಆದ ಮೇಲೆ ಅಂಗಳದಲ್ಲಿ ಜೋಡಿ ಜೋಡಿಯಾಗಿ ನಡೆಯುತ್ತಾ ಒಬ್ಬರಿಗೊಬ್ಬರು ಒಪ್ಪಿಸಲಿ.

ಮದರಸ ಮೇಷ್ಟ್ರು:
ಪಾಠಕ್ಕಿಂತ ಇದೇ ವಾಸಿ! ಅಕ್ಕಾ, ಆ ಹೊತ್ತಿನ ಬೆಳಕು ಸಾಕಾ?

ಕನ್ನಡಕದ ಅಕ್ಕ:
ಮರದ ನೆರಳಲ್ಲೂ ಕೋಣೆಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ. ಮಗ್ರಿಬ್‌ವರೆಗೆ (ಸೂರ್ಯ ಮುಳುಗಿದ ಹೊತ್ತಿನ ನಮಾಝ್‌ವರೆಗೆ) ತಳ್ಳಬೇಡಿ, ಅಸರ್ ಮುಗಿದ ಕೂಡಲೇ ಹೊರಡಿಸಿ.