ಲಿವರ್ ಎಂಆರ್‌ಐ: ಆರ್ಟೀರಿಯಲ್ ಫೇಸ್ ಮಾತ್ರ ಹಾಳಾಗುತ್ತಿದೆ, ಉಳಿದದ್ದೆಲ್ಲ ಸರಿ!

ರಾತ್ರಿಪಾಳಿ:
ತಲೆ ಕೆಟ್ಟು ಹೋಗಿದೆ. ಎರಡು ವಾರದಿಂದ ಇದೇ ಗೋಳು. ಕಾಂಟ್ರಾಸ್ಟ್ ಔಷಧಿ ಚುಚ್ಚುವ ಮೊದಲಿನ ಪ್ರೀ-ಕಾಂಟ್ರಾಸ್ಟ್ ಚೆನ್ನಾಗಿದೆ, ಔಷಧಿ ಲಿವರ್‌ನ ಪೋರ್ಟಲ್ ಸಿರೆಗೆ ಬಂದಾಗಿನ ಪೋರ್ಟಲ್ ವೀನಸ್ ಚೆನ್ನಾಗಿದೆ, ನಡುವೆ ಅದು ಅಪಧಮನಿಯಲ್ಲಿರುವಾಗ ತೆಗೆಯುವ ಆರ್ಟೀರಿಯಲ್ ಮಾತ್ರ ಲಿವರ್ ತುಂಬಾ ಅಲೆ ಅಲೆ. ನಿನ್ನೆ ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇರುವ ಪೇಶೆಂಟ್. ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್‌ನಲ್ಲಿ, ಬಿ 800 ಸೆಟ್ಟಿಂಗ್‌ನಲ್ಲಿ, ಬೆಳ್ಳಗೆ ಒಂದು ಚುಕ್ಕೆ, 14 ಮಿಲಿಮೀಟರ್. ಆರ್ಟೀರಿಯಲ್‌ನಲ್ಲಿ ಅದು ಹೊಳೆಯಿತೋ ಇಲ್ಲವೋ, ದೇವರಿಗೇ ಗೊತ್ತು. ರೇಡಿಯಾಲಜಿಸ್ಟ್ ಮೇಡಂ ಹತ್ತಿರ ಬೈಸಿಕೊಂಡೆ.

ಕಾಯಿಲ್‌ಪ್ರಿಯ:
ಉಸಿರು. ಬೇರೇನೂ ಅಲ್ಲ. ಉಸಿರು ಬಿಟ್ಟು ಹಿಡಿಯಲು ಹೇಳಿ, ಎಳೆದುಕೊಂಡು ಅಲ್ಲ.

ರಾತ್ರಿಪಾಳಿ:
ಬಿಟ್ಟೇ ಹಿಡಿಸುತ್ತೇನೆ ಸರ್. ಮೊದಲೇ ಅಭ್ಯಾಸವನ್ನೂ ಮಾಡಿಸಿದ್ದೆ, 15 ಸೆಕೆಂಡ್ ಸಲೀಸಾಗಿ ಹಿಡಿದರು.

ಕಾಯಿಲ್‌ಪ್ರಿಯ:
ಹಾಗಾದರೆ ಹೊಟ್ಟೆ ಪಟ್ಟಿ ಸಡಿಲ ಇರಬೇಕು. ಇಲ್ಲಾ ಹೆಡ್‌ಫೋನ್‌ನಲ್ಲಿ ನಿಮ್ಮ ಮಾತು ಕೇಳಿಸ್ತಿಲ್ಲ. ಉಸಿರೇ, ಬರೆದಿಟ್ಟುಕೊಳ್ಳಿ.

ಮೂರುಟೆಸ್ಲಾ:
ಯಾವ ಮಷಿನ್? ನಮ್ಮ 3 ಟೆಸ್ಲಾ (ಅಯಸ್ಕಾಂತದ ಬಲ) ಮಷಿನ್‌ನಲ್ಲಿ ಇಡೀ ಲಿವರ್ 10 ಸೆಕೆಂಡಿಗೆ ಮುಗಿಯುತ್ತೆ.

ಹಳೇಕಾಯಿಲ್:
ಹೊಟ್ಟೆಯಲ್ಲಿ ನೀರು ತುಂಬಿದವರನ್ನು ಅದರಲ್ಲಿ ಮಲಗಿಸಿ ನೋಡಿ, ನಟ್ಟ ನಡುವೆ ಕಪ್ಪು ಮೋಡ ಕಾಣುತ್ತೆ. ಲಿವರ್‌ಗೆ 1.5 ಟೆಸ್ಲಾ ಸಾಕು.

ಮೂರುಟೆಸ್ಲಾ:
ಅದು ಹಳೇ ಮಷಿನ್‌ಗಳ ಕಥೆ ಸ್ವಾಮಿ.

ಕರಿಬಿಳಿ:
ಜಗಳ ಆಮೇಲೆ ಆಡಿ. ಕಾಂಟ್ರಾಸ್ಟ್ ಯಾವುದು?

ರಾತ್ರಿಪಾಳಿ:
ಹೇಳಿರಲಿಲ್ವಾ? ಗ್ಯಾಡಾಕ್ಸೆಟೇಟ್, ಲಿವರ್ ಕೋಶಗಳು ಹೀರಿಕೊಳ್ಳುವಂಥದ್ದು. ಮೊದಲು ಮಾಮೂಲಿ ಗ್ಯಾಡೋಬ್ಯುಟ್ರಾಲ್ ಇತ್ತು, ಎರಡು ವಾರದ ಹಿಂದೆ ಬದಲಾಯಿಸಿದರು. ಇಂಜೆಕ್ಟರ್ ಸೆಟ್ಟಿಂಗ್ ಹಳೆಯದೇ, ಸೆಕೆಂಡಿಗೆ 2 ಎಂಎಲ್.

ಕರಿಬಿಳಿ:
ಇದನ್ನ ಮೊದಲ ಸಾಲಲ್ಲೇ ಬರೆಯಬೇಕಿತ್ತು ಮಾರಾಯ್ರೆ. 60 ಕಿಲೋ ಪೇಶೆಂಟ್‌ಗೆ ಎರಡೂ 6 ಎಂಎಲ್ಲೇ, ಆದರೆ ಗ್ಯಾಡಾಕ್ಸೆಟೇಟ್‌ನಲ್ಲಿ ಹೊಳಪು ಕೊಡುವ ಲೋಹ ಗ್ಯಾಡೋಲಿನಿಯಂ ಕಾಲು ಭಾಗ ಮಾತ್ರ. 2ರಲ್ಲಿ ತಳ್ಳಿದರೆ 3 ಸೆಕೆಂಡಿಗೆ ಖಾಲಿ, ಸ್ಕ್ಯಾನ್ ಓಡುತ್ತಿರುವಾಗಲೇ ಸಿಗ್ನಲ್ ಏರಿ ಇಳಿದು ಅಲೆ ಏಳುತ್ತೆ. 1ಕ್ಕೆ ಇಳಿಸಿ. ಲೆಕ್ಕ ಹಾಕಿ ಕಾಯಬೇಡಿ, ಅಯೋರ್ಟಾಗೆ (ಮಹಾಪಧಮನಿಗೆ) ಕಾಂಟ್ರಾಸ್ಟ್ ಬಂದದ್ದನ್ನು ಕಣ್ಣಲ್ಲಿ ನೋಡಿ ಶುರು ಮಾಡಿ. ಇನ್ನೊಂದು, ಈ ಔಷಧಿಗೆ ಕೆಲವರ ಉಸಿರು ಆರ್ಟೀರಿಯಲ್ ಹೊತ್ತಲ್ಲೇ ತಪ್ಪುತ್ತೆ, ಪೋರ್ಟಲ್ ಹೊತ್ತಿಗೆ ತಾನೇ ಸರಿಹೋಗುತ್ತೆ. ಅದಕ್ಕೆ ಒಂದೇ ಉಸಿರಲ್ಲಿ ಎರಡು ಮೂರು ಆರ್ಟೀರಿಯಲ್ ತೆಗೆಯಿರಿ, ಒಂದಾದರೂ ಉಳಿಯುತ್ತೆ.

ಕಾಯಿಲ್‌ಪ್ರಿಯ:
ಅಂದರೆ ಉಸಿರೇ ಅಲ್ವಾ? ನಾನು ಹೇಳಿದ್ದೂ ಅದೇ!

ಹಳೇಕಾಯಿಲ್:
ಸುಮ್ನೆ ಗ್ಯಾಡೋಬ್ಯುಟ್ರಾಲ್‌ಗೆ ವಾಪಸ್ ಹೋಗಿ. ಆರ್ಟೀರಿಯಲ್ ನೀಟಾಗಿ ಬರುತ್ತೆ, ವಾಷ್‌ಔಟ್ (ಮೊದಲು ಹೊಳೆದ ಗಡ್ಡೆ ಆಮೇಲೆ ಲಿವರ್‌ಗಿಂತ ಕಪ್ಪಾಗುವುದು) ಅನ್ನು ಕೆಲವು ನಿಮಿಷ ಬಿಟ್ಟು ತೆಗೆಯುವ ಡಿಲೇಡ್‌ನಲ್ಲೂ ನಂಬಬಹುದು. ಗ್ಯಾಡಾಕ್ಸೆಟೇಟ್‌ನಲ್ಲಿ ಪೋರ್ಟಲ್ ದಾಟಿದ ಮೇಲೆ ಲಿವರೇ ಔಷಧಿ ಹೀರಿ ಬೆಳ್ಳಗಾಗುತ್ತೆ, ಆಗ ಗಡ್ಡೆ ಕಪ್ಪಗಿದ್ದರೆ ಅದನ್ನ ವಾಷ್‌ಔಟ್ ಅನ್ನೋ ಹಾಗಿಲ್ಲ.

ಕರಿಬಿಳಿ:
ಒಪ್ಪಿದೆ. ಆದರೆ ಲಿವರ್ ಔಷಧಿ ಹೀರಿದ ಮೇಲೆ ತೆಗೆಯುವ 20 ನಿಮಿಷದ ಹೆಪಟೋಬಿಲಿಯರಿ ಫೇಸ್‌ನಲ್ಲಿ ಚಿಕ್ಕ ಗಡ್ಡೆ ಸಿಕ್ಕಿಬೀಳುವಷ್ಟು ಚೆನ್ನಾಗಿ ಗ್ಯಾಡೋಬ್ಯುಟ್ರಾಲ್‌ನಲ್ಲಿ ಸಿಗಲ್ಲ. ಬಿಲಿರುಬಿನ್ ಜಾಸ್ತಿ ಇದ್ದರೆ ಮಾತ್ರ ಲಿವರ್ ಸರಿಯಾಗಿ ಹೀರಲ್ಲ, ಆಗ ನಿಮ್ಮದೇ ಸರಿ. ರಾತ್ರಿಪಾಳಿ, ಆ ಚುಕ್ಕೆ 20 ನಿಮಿಷದಲ್ಲಿ ಹೇಗಿತ್ತು?

ರಾತ್ರಿಪಾಳಿ:
ಕಪ್ಪು. ಸ್ಪಷ್ಟವಾಗಿ ಕಪ್ಪು.

ಕರಿಬಿಳಿ:
ಅನುಮಾನ ಜಾಸ್ತಿಯಾಯಿತು ಅಷ್ಟೇ. ಡಿಫ್ಯೂಷನ್, ಹೆಪಟೋಬಿಲಿಯರಿ ಎರಡೂ ಪೂರಕ ಲಕ್ಷಣಗಳು. ಲೈ-ರಾಡ್ಸ್ 5 (ಲಿವರ್ ಕ್ಯಾನ್ಸರ್ ಖಚಿತ ಎನ್ನುವ ದರ್ಜೆ) ಅನ್ನಲು ಆರ್ಟೀರಿಯಲ್ ಹೊಳಪು ಬೇಕೇ ಬೇಕು. ಮೇಡಂ ಬೈದದ್ದು ಅದಕ್ಕೇ.

ರಾತ್ರಿಪಾಳಿ:
ಇವತ್ತು ಸೆಕೆಂಡಿಗೆ 1 ಎಂಎಲ್‌ನಲ್ಲಿ ಇಬ್ಬರಿಗೆ ಮಾಡಿದೆ. ಒಬ್ಬರದು ಕನ್ನಡಿ ಥರ ಬಂತು. ಇನ್ನೊಬ್ಬರದು ಮತ್ತೆ ಅಲುಗಾಡಿದೆ, ಮೂರು ಆರ್ಟೀರಿಯಲ್ ತೆಗೆಯುವ ಸೀಕ್ವೆನ್ಸ್ ನಮ್ಮ ಮಷಿನ್‌ನಲ್ಲಿ ಕಾಣಿಸ್ತಿಲ್ಲ. ಯಾವ ಮೆನುವಿನಲ್ಲಿರುತ್ತೆ?

ಮೂರುಟೆಸ್ಲಾ:
ನಮ್ಮದರಲ್ಲಿ ಹೊಸ ಕಾಯಿಲ್ (ಮೈಮೇಲಿಟ್ಟು ಸಿಗ್ನಲ್ ಹಿಡಿಯುವ ಸಾಧನ) ಜೊತೆಗೇ ಬಂತು. ಹೊದಿಕೆ ಥರ ಹಗುರ, ಫೋಟೋ ಹಾಕಲಾ?