ಮಾರ್ಚ್ ಮ್ಯಾಡ್‌ನೆಸ್‌ಗೆ ಬ್ರಾಕೆಟ್ ತುಂಬಬೇಕು, ಆಟದ ಮಜಾನೂ ಗೊತ್ತಾಗಬೇಕು: ಎಲ್ಲಿಂದ ಶುರು ಮಾಡಲಿ?

ರಾಲಿ_ರಂಗ:

ಎಲ್ಲರಿಗೂ ನಮಸ್ಕಾರ. ನಾನಿರೋದು ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ. ಎನ್‌ಬಿಎ ಚೆನ್ನಾಗಿ ಗೊತ್ತು, ಕಾಲೇಜ್ ಬ್ಯಾಸ್ಕೆಟ್‌ಬಾಲ್ ಮಾತ್ರ ಹೊಸದು. ಮಾರ್ಚ್ ಮ್ಯಾಡ್‌ನೆಸ್ ಅಂದರೆ ಅದರದೇ ರಾಷ್ಟ್ರೀಯ ನಾಕೌಟ್ ಟೂರ್ನಿ, ಬ್ರಾಕೆಟ್ ಅಂದರೆ ಅದರ ಪ್ರತಿ ಆಟ ಯಾರು ಗೆಲ್ತಾರೆ ಅಂತ ಮೊದಲೇ ಊಹಿಸಿ ತುಂಬೋ ಪಟ್ಟಿ, ಅಷ್ಟು ಗೊತ್ತು. ಆಫೀಸಿನಲ್ಲಿ 18 ಜನರ ಬ್ರಾಕೆಟ್ ಪೂಲ್ ಇದೆ. ದುಡ್ಡಿನ ಮಾತಿಲ್ಲ, ಕೊನೇ ಸ್ಥಾನ ಬಂದವರು ಎಲ್ಲರಿಗೂ ತಿಂಡಿ ತರಬೇಕು. ಸುತ್ತಿನಿಂದ ಸುತ್ತಿಗೆ ಅಂಕ 1-2-4-8-16-32.

ಮೂರು ವಿಷಯ ಬೇಕು. ಎಷ್ಟು ಕಡೆ ಚಿಕ್ಕ ತಂಡಕ್ಕೆ ಗುರುತು ಹಾಕಬೇಕು, ಅದನ್ನು ಆರಿಸೋದು ಹೇಗೆ? ಕೊನೇ ಎರಡು ನಿಮಿಷದಲ್ಲಿ ಈ ಹುಡುಗರು ಗೆದ್ದ ಆಟವನ್ನು ಕೈಬಿಡೋದು ಯಾಕೆ? ಗ್ಯಾಲರಿಯಲ್ಲಿ ವಿದ್ಯಾರ್ಥಿಗಳು ಯಾವುದಕ್ಕೆ ಅಷ್ಟು ನಗ್ತಾರೆ? ಬಲ್ಲವರು ಬಿಡಿಸಿ ಹೇಳಿ.

ಹನ್ನೆರಡನೇ_ಸೀಡ್:

ರಂಗ ಅವರೇ, ಮೊದಲು ಅಂಕದ ಲೆಕ್ಕ ನೋಡಿ. ಮೊದಲ ಸುತ್ತಿನ 32 ಆಟವನ್ನೂ ಸರಿಯಾಗಿ ಹೇಳಿದರೆ 32 ಅಂಕ. ಚಾಂಪಿಯನ್ ಒಂದನ್ನೇ ಸರಿಯಾಗಿ ಹೇಳಿದರೂ ಫೈನಲ್‌ಗೆ ಅದೇ 32. ಅದಕ್ಕೇ ಬ್ರಾಕೆಟ್ಟನ್ನು ಹಿಂದಿನಿಂದ ತುಂಬಿಕೊಂಡು ಬನ್ನಿ: ಚಾಂಪಿಯನ್, ಫೈನಲ್ ಫೋರ್ (ಸೆಮಿಫೈನಲ್ ಮುಟ್ಟೋ ನಾಲ್ಕು ತಂಡ), ಆಮೇಲೆ ಉಳಿದದ್ದು. ಬಹಳ ಜನ 12ನೇ ಸೀಡಿನ (ಸೀಡ್ ಅಂದರೆ ನಾಲ್ಕು ವಿಭಾಗಗಳಲ್ಲಿ ತಂಡಗಳಿಗೆ ಕೊಡೋ 1ರಿಂದ 16ರವರೆಗಿನ ಶ್ರೇಯಾಂಕ, 1 ಎಲ್ಲಕ್ಕಿಂತ ಮೇಲೆ) ತಂಡ ಆರಿಸೋದಕ್ಕೆ ಅರ್ಧ ಗಂಟೆ ತಲೆ ಕೆರೆದುಕೊಂಡು, ಚಾಂಪಿಯನ್ ಹೆಸರನ್ನು ಅರ್ಧ ನಿಮಿಷದಲ್ಲಿ ಬರೆದುಬಿಡ್ತಾರೆ. ತಿಂಡಿ ತರೋರು ಇವರೇ.

1989ರಿಂದ 2025ರವರೆಗೆ ಚಾಂಪಿಯನ್ ಆದ ಪುರುಷರ ತಂಡಗಳಲ್ಲಿ 4ಕ್ಕಿಂತ ಕೆಳಗಿನ ಸೀಡ್ ಒಂದೇ ಒಂದು, 2014ರ ಯುಕಾನ್ (7ನೇ ಸೀಡ್). 18 ಜನರ ಚಿಕ್ಕ ಪೂಲಿನಲ್ಲಿ ಸಾಹಸ ಬೇಡ, 1 ಅಥವಾ 2ನೇ ಸೀಡಿಗೇ ಚಾಂಪಿಯನ್ ಪಟ್ಟ ಕೊಡಿ. ನೂರಾರು ಜನರ ಪೂಲಾದರೆ ಮಾತು ಬೇರೆ. ಅಲ್ಲಿ ಎಲ್ಲರೂ ಆರಿಸಿದ ತಂಡವನ್ನೇ ನೀವೂ ಆರಿಸಿದರೆ, ಅದು ಗೆದ್ದರೂ ನೀವು ಮೇಲೆ ಹೋಗಲ್ಲ.

ಒಟ್ಟು 68 ತಂಡ. ಭಾನುವಾರ ಸಂಜೆ ಪಟ್ಟಿ ಬರುತ್ತೆ. ಮಂಗಳವಾರ, ಬುಧವಾರ ಒಹಾಯೋದ ಡೇಟನ್‌ನಲ್ಲಿ ನಾಲ್ಕು ಆಟ ಆಡಿಸಿ 64ಕ್ಕೆ ಇಳಿಸ್ತಾರೆ. ಗುರುವಾರ ಮಧ್ಯಾಹ್ನ ಮೊದಲ ಆಟ ಶುರುವಾಗೋ ಹೊತ್ತಿಗೆ ಬ್ರಾಕೆಟ್ ಬೀಗ ಬೀಳುತ್ತೆ. ಹೆಚ್ಚಿನ ಪೂಲುಗಳಲ್ಲಿ ಡೇಟನ್ ಆಟಗಳನ್ನು ತುಂಬಬೇಕಾಗಿಲ್ಲ. ಹಾಗಂತ ಅಲ್ಲಿಂದ ಬಂದವರನ್ನು ಕಡೆಗಣಿಸಬೇಡಿ: 2011ರಲ್ಲಿ ವಿಸಿಯು ಡೇಟನ್‌ನಿಂದ, 2021ರಲ್ಲಿ ಯುಸಿಎಲ್‌ಎ ಇದೇ ಆರಂಭಿಕ ಸುತ್ತಿನಿಂದ (ಆ ವರ್ಷ ಅದು ನಡೆದದ್ದು ಇಂಡಿಯಾನಾದಲ್ಲಿ) ಹೊರಟು ಫೈನಲ್ ಫೋರ್ ಮುಟ್ಟಿದ್ದವು.

ಮೊದಲ ಸುತ್ತು: 8ನೇ ಮತ್ತು 9ನೇ ಸೀಡಿನ ನಡುವಿನ ಆಟ ನಾಣ್ಯ ಚಿಮ್ಮಿದಷ್ಟೇ ಸಮ. 5-12 ಆಟದಲ್ಲಿ ಮೂರಕ್ಕೆ ಒಂದು ಸಲ 12ನೇ ಸೀಡ್ ಗೆಲ್ಲುತ್ತೆ, ಹಾಗಾಗಿ ನಾಲ್ಕರಲ್ಲಿ ಒಂದು ಅಥವಾ ಎರಡು ಕಡೆ 12ಕ್ಕೆ ಗುರುತು ಹಾಕಿ. 10, 11ನೇ ಸೀಡುಗಳು ಇನ್ನೂ ಸ್ವಲ್ಪ ಹೆಚ್ಚು ಗೆಲ್ಲುತ್ವೆ. 1985ರಿಂದ 2025ರವರೆಗಿನ 160 ಆಟಗಳಲ್ಲಿ 15ನೇ ಸೀಡ್ ಗೆದ್ದಿದ್ದು 11 ಸಲ, 16ನೇ ಸೀಡ್ ಎರಡೇ ಸಲ.

ಆ ಎರಡು ಆಟಗಳನ್ನು ಬಿಡಿಸಿ ನೋಡಿದರೆ ಯಾವ ದೊಡ್ಡ ತಂಡ ಬೀಳಬಹುದು ಅನ್ನೋದು ತಿಳಿಯುತ್ತೆ. 2018ರಲ್ಲಿ ಯುಎಂಬಿಸಿ ವರ್ಜೀನಿಯಾವನ್ನು 74-54ರಿಂದ ಹೊಡೆಯಿತು. ವರ್ಜೀನಿಯಾದ್ದು ದೇಶದಲ್ಲೇ ಅತಿ ನಿಧಾನದ ಆಟ. ನಿಧಾನ ಅಂದರೆ ಎರಡೂ ತಂಡಕ್ಕೆ ಚೆಂಡು ಸಿಗೋ ಸರದಿ ಕಡಿಮೆ, ಸರದಿ ಕಡಿಮೆಯಾದಷ್ಟೂ ಅದೃಷ್ಟಕ್ಕೆ ಜಾಗ ಜಾಸ್ತಿ. ಅದರ ಮೇಲೆ ಅವರ ಡಿಯಾಂಡ್ರೆ ಹಂಟರ್ ಮಣಿಕಟ್ಟು ಮುರಿದು ಹೊರಗಿದ್ದ. ಯುಎಂಬಿಸಿ 24 ತ್ರೀ (ದೂರದಿಂದ ಎಸೆಯೋ, ಮೂರು ಅಂಕದ ಎಸೆತ) ಎಸೆದು 12 ಹಾಕಿತು. ಮುಂದಿನ ವರ್ಷ ಅದೇ ವರ್ಜೀನಿಯಾ ಚಾಂಪಿಯನ್!

ಇನ್ನೊಂದು 2023ರ ಫೇರ್ಲಿ ಡಿಕಿನ್ಸನ್. ಡಿವಿಷನ್ ಒಂದರಲ್ಲೇ (ಕಾಲೇಜ್ ಆಟದ ಅತಿ ಮೇಲಿನ ದರ್ಜೆ) ಅತಿ ಕುಳ್ಳ ತಂಡ. ತಮ್ಮ ಕಾನ್ಫರೆನ್ಸ್ (ಕಾಲೇಜುಗಳ ಲೀಗ್) ಫೈನಲ್‌ನಲ್ಲೇ ಮೆರಿಮ್ಯಾಕ್‌ಗೆ ಸೋತಿದ್ದರು. ಆದರೆ ಮೆರಿಮ್ಯಾಕ್ ಡಿವಿಷನ್ ಒಂದಕ್ಕೆ ಹೊಸದಾಗಿ ಬಂದಿದ್ದರಿಂದ ಅದಕ್ಕೆ ಟೂರ್ನಿಗೆ ಅರ್ಹತೆ ಇರಲಿಲ್ಲ. ಅದರ ಜಾಗದಲ್ಲಿ ಸೋತವರು ಡೇಟನ್‌ಗೆ ಹೋದರು, ಅಲ್ಲಿ ಗೆದ್ದು, 7 ಅಡಿ 4 ಇಂಚಿನ ಝ್ಯಾಕ್ ಈಡಿ ಇದ್ದ ಪರ್ಡೂವನ್ನು 63-58ರಿಂದ ಮನೆಗೆ ಕಳಿಸಿದರು! ಈಡಿ ಕೈಗೆ ಚೆಂಡು ಹೋಗದ ಹಾಗೆ ಮುಂದೊಬ್ಬ ಹಿಂದೊಬ್ಬ ನಿಂತರು, ಪರ್ಡೂ ಗಾರ್ಡುಗಳನ್ನು ಅಂಗಳದುದ್ದಕ್ಕೂ ಕಾಡಿದರು. ಎತ್ತರದ ಆಟಗಾರನಿಗೆ ಚೆಂಡು ಮುಟ್ಟಿಸಬೇಕಾದವರು ಗಾರ್ಡುಗಳು, ಅವರು ತಡವರಿಸಿದರೆ ಎತ್ತರ ಇದ್ದೂ ಪ್ರಯೋಜನವಿಲ್ಲ.

ಆದ್ದರಿಂದ ಆರಿಸುವ ಮುಂಚೆ ಇಷ್ಟು ನೋಡಿ: ಮುಖ್ಯ ಆಟಗಾರರಿಗೆ ಗಾಯ ಇದೆಯಾ, ಗಾರ್ಡುಗಳು ಆಟಕ್ಕೆ ಎಷ್ಟು ಚೆಂಡು ಕಳೆದುಕೊಳ್ತಾರೆ, ಚಿಕ್ಕ ತಂಡ ತ್ರೀ ಹೆಚ್ಚು ಎಸೆಯುತ್ತಾ. ಕೆನ್‌ಪಾಮ್ ತಾಣದಲ್ಲಿ 100 ಸರದಿಗೆ ಎಷ್ಟು ಅಂಕ ಹೊಡೆದರು, ಎಷ್ಟು ಬಿಟ್ಟುಕೊಟ್ಟರು ಅನ್ನೋ ಲೆಕ್ಕ ಇರುತ್ತೆ. ಚಾಂಪಿಯನ್ ಆರಿಸುವಾಗ ಎರಡರಲ್ಲೂ ಮೇಲಿರುವ ತಂಡ ತಗೊಳ್ಳಿ. ಬರೀ ಹೊಡೆಯೋ ತಂಡ ಆರು ಆಟ ಸತತ ಗೆಲ್ಲೋದು ಕಷ್ಟ.

ಜಯನಗರ_ಪಾಯಿಂಟ್‌ಗಾರ್ಡ್:

ಕೊನೇ ಎರಡು ನಿಮಿಷದ ಬಗ್ಗೆ ನಾನು ಹೇಳ್ತೀನಿ, ನನಗೆ ಪ್ರಾಣವಾದ ಭಾಗ ಅದು.

ಎನ್‌ಬಿಎಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲು. ಪುರುಷರ ಕಾಲೇಜ್ ಆಟ 20 ನಿಮಿಷದ ಎರಡು ಭಾಗ, ಶಾಟ್ ಕ್ಲಾಕ್ (ಒಂದು ಸರದಿಯಲ್ಲಿ ಬುಟ್ಟಿಗೆ ಎಸೆಯಲು ಸಿಗೋ ಸಮಯ) 24 ಅಲ್ಲ, 30 ಸೆಕೆಂಡ್. ಆರಲ್ಲ, ಐದು ಫೌಲಿಗೆ ಆಟಗಾರ ಹೊರಗೆ. ಡಿಫೆನ್ಸಿನವರು ಬುಟ್ಟಿ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನೋ ಎನ್‌ಬಿಎ ನಿಯಮ ಇಲ್ಲಿಲ್ಲ. ಹಾಗಾಗಿ ಏಳಡಿ ಹುಡುಗ ಬುಟ್ಟಿ ಕೆಳಗೆ ಕೈ ಎತ್ತಿಕೊಂಡು ದೇವಸ್ಥಾನದ ದ್ವಾರಪಾಲಕನ ಥರ ನಿಂತೇ ಇರ್ತಾನೆ.

ಈಗ ಒನ್ ಅಂಡ್ ಒನ್. ಒಂದು ಭಾಗದಲ್ಲಿ ಎದುರಾಳಿ ತಂಡದ 7, 8, 9ನೇ ಫೌಲಿಗೆ ಮೊದಲು ಒಂದೇ ಫ್ರೀ ಥ್ರೋ (ಯಾರೂ ಅಡ್ಡ ಬರದ, ಒಂದು ಅಂಕದ ಎಸೆತ). ಅದು ಬಿದ್ದರೆ ಮಾತ್ರ ಎರಡನೆಯದು. ತಪ್ಪಿದರೆ ಚೆಂಡು ಆಟದಲ್ಲೇ, ಯಾರಾದರೂ ಹಿಡೀಬಹುದು. 10ನೇ ಫೌಲಿನಿಂದ ಎರಡು ಖಚಿತ. 60% ಹಾಕುವ ಹುಡುಗನಿಗೆ ಎರಡು ಎಸೆತ ಕೊಟ್ಟರೆ ಸರಾಸರಿ 1.2 ಅಂಕ. ಒನ್ ಅಂಡ್ ಒನ್‌ನಲ್ಲಿ 0.6 + 0.36, ಅಂದರೆ 0.96. ಒಂದೂ ಅಂಕ ಸಿಗದೇ ಹೋಗೋ ಸಾಧ್ಯತೆ 16%ರಿಂದ 40%ಗೆ ಏರುತ್ತೆ. ಹಿಂದೆ ಬಿದ್ದ ತಂಡ ಬೇಕಂತಲೇ ಫೌಲ್ ಮಾಡೋದು ಇದಕ್ಕೇ: ಗಡಿಯಾರವೂ ನಿಲ್ಲುತ್ತೆ, 40% ಆಸೆಯೂ ಇರುತ್ತೆ. ಮುಂದಿರುವ ತಂಡ ಚೆಂಡನ್ನು 85% ಹಾಕೋನಿಗೇ ಕೊಡಲು ಓಡಾಡಿದರೆ, ಹಿಂದಿರುವ ತಂಡ ಅವನನ್ನು ಬಿಟ್ಟು ಉಳಿದ ಯಾರನ್ನಾದರೂ ಹಿಡಿಯಲು ಅಟ್ಟಿಸಿಕೊಂಡು ಹೋಗುತ್ತೆ. ಆ ಹತ್ತು ಸೆಕೆಂಡ್ ಶುದ್ಧ ಮುಟ್ಟಾಟ, ನಗು ತಡೆಯೋಕಾಗಲ್ಲ.

ಇನ್ನೂ ಮಜಾ, ಹಿಂದಿರುವ ತಂಡ ಅಲ್ಲಿವರೆಗೆ ಮೂರೇ ಫೌಲ್ ಮಾಡಿದ್ದರೆ. 4, 5, 6ನೇ ಫೌಲಿಗೆ ಫ್ರೀ ಥ್ರೋ ಇಲ್ಲ, ಪಕ್ಕದಿಂದ ಚೆಂಡು ಒಳಕ್ಕೆ ಎಸೆಯೋದಷ್ಟೇ. ಏಳಕ್ಕೆ ಮುಟ್ಟಿಸಲು ಸಾಲಾಗಿ ನಾಲ್ಕು ಸಲ ಹಿಡೀಬೇಕು, ಅಷ್ಟೊತ್ತಿಗೆ ಅಮೂಲ್ಯ ಸೆಕೆಂಡು ಖರ್ಚಾಗಿರುತ್ತೆ. ಪರದೆ ಮೂಲೆಯ ತಂಡ-ಫೌಲ್ ಸಂಖ್ಯೆ ನೋಡ್ತಾ ಇರಿ.

ನೀವಿರೋ ಊರಿನದೇ ಉದಾಹರಣೆ: 2024ರ ಎಸಿಸಿ ಕಾನ್ಫರೆನ್ಸಿನ ಟೂರ್ನಿ ಸೆಮಿಫೈನಲ್. ವರ್ಜೀನಿಯಾ ಮೂರು ಅಂಕ ಮುಂದೆ, ಐದಾರು ಸೆಕೆಂಡ್ ಬಾಕಿ, ಒನ್ ಅಂಡ್ ಒನ್‌ನ ಮೊದಲನೆಯದೇ ತಪ್ಪಿತು. ರಾಲಿಯ ಎನ್‌ಸಿ ಸ್ಟೇಟ್‌ನ ಮೈಕಲ್ ಓಕಾನಲ್ ಎಸೆದ ತ್ರೀ ಬೋರ್ಡಿಗೆ ಬಡಿದು ಬಜರ್ ಜೊತೆ ಒಳಗೆ ಬಿತ್ತು. ಓವರ್‌ಟೈಮ್‌ನಲ್ಲಿ ಗೆದ್ದರು, ಐದು ದಿನದಲ್ಲಿ ಐದು ಆಟ ಗೆದ್ದು ಕಪ್ ಎತ್ತಿದರು, 11ನೇ ಸೀಡಾಗಿ ಫೈನಲ್ ಫೋರ್‌ಗೇ ಹೋದರು. ಆ ತಂಡದ ಡಿಜೆ ಬರ್ನ್ಸ್ ಆಟದ ತುಣುಕು ಖಂಡಿತ ನೋಡಿ. 6 ಅಡಿ 9 ಇಂಚು, 275 ಪೌಂಡ್. ಬೆನ್ನು ಕೊಟ್ಟು ಡಿಫೆಂಡರನನ್ನು ಇಂಚಿಂಚೇ ಬುಟ್ಟಿ ಕಡೆಗೆ ದೂಡ್ತಾ ಹೋಗಿ, ಎಡಗೈಯಲ್ಲಿ ಹೂವು ಇಟ್ಟಷ್ಟು ಮೃದುವಾಗಿ ಚೆಂಡು ಹಾಕಿ, ಮುಖದ ತುಂಬ ನಗ್ತಾ ಹಿಂದಕ್ಕೆ ಬರ್ತಿದ್ದ. ಡ್ಯೂಕ್ ಮೇಲೆ 29 ಅಂಕ ಹೊಡೆದ.

ಆಟಗಾರರಲ್ಲಿ ಇನ್ನಿಬ್ಬರನ್ನು ಗುರುತಿಸಿಕೊಳ್ಳಿ. ಆಟ ಶುರುವಾಗಿ ನಾಲ್ಕೈದು ನಿಮಿಷದಲ್ಲೇ ಎರಡು ಫೌಲ್ ಮಾಡಿ ಮೊದಲ ಭಾಗ ಪೂರ್ತಿ ಟವೆಲ್ ಹೊದ್ದು ಕೂರುವ ಎಳೆ ಸೆಂಟರ್. ಐದಕ್ಕೇ ಹೊರಗೆ ಅನ್ನೋ ಕಾರಣಕ್ಕೆ ಕೋಚ್ ಅವನನ್ನು ಮುಂಚೆಯೇ ಕೂರಿಸ್ತಾನೆ. ಎರಡನೆಯವನು ವಾಕ್-ಆನ್: ಸ್ಕಾಲರ್‌ಶಿಪ್ ಇಲ್ಲದೆ ತಂಡದಲ್ಲಿರೋನು, 25 ಅಂಕ ಮುಂದಿರುವಾಗ ಕೊನೇ ನಿಮಿಷಕ್ಕೆ ಇಳೀತಾನೆ. ಅವನೊಂದು ಬುಟ್ಟಿ ಹಾಕಿದರೆ ಬೆಂಚಿನ ಮೇಲಿರೋ ತಾರೆಯರೆಲ್ಲ ನೆಲಕ್ಕೆ ಬಿದ್ದು ಹೊರಳಾಡ್ತಾರೆ. ಆ ಸಂತೋಷ ಎನ್‌ಬಿಎಯಲ್ಲಿ ಅಪರೂಪ.

ರಾಲಿ_ರಂಗ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒನ್ ಅಂಡ್ ಒನ್ ಲೆಕ್ಕ ಈಗ ಸರಿಯಾಗಿ ಹೊಕ್ಕಿತು. ಗ್ಯಾಲರಿ ವಿಷಯ ಬಾಕಿ. ಪೂಲ್ ಫಾರ್ಮಿನಲ್ಲಿ ಟೈಬ್ರೇಕರ್ ಅಂತ ಫೈನಲ್ ಆಟದ ಒಟ್ಟು ಅಂಕ ಕೇಳಿದ್ದಾರೆ, ಎಷ್ಟು ಬರೀಲಿ? ಮಹಿಳೆಯರ ಬ್ರಾಕೆಟ್ಟೂ ಇದೆಯಂತೆ.

ಡರ್ಹಮ್_ದೋಸೆ:

ಗ್ಯಾಲರಿಯ ಮುಖ್ಯ ಕೆಲಸ ಫ್ರೀ ಥ್ರೋ ಕೆಡಿಸೋದು. ಅದಕ್ಕೇ ವಿದ್ಯಾರ್ಥಿಗಳನ್ನು ಬುಟ್ಟಿ ಹಿಂದೆ ಕೂರಿಸ್ತಾರೆ. ಆರಿಜೋನಾ ಸ್ಟೇಟ್‌ನವರು 2013ರಲ್ಲಿ ಅಲ್ಲೊಂದು ಪರದೆ ಕಟ್ಟಿದರು. ಎದುರಾಳಿ ಚೆಂಡು ಹಿಡಿದು ಗುರಿ ಇಡುವಾಗ ಪರದೆ ಸರಿಯುತ್ತೆ, ಒಳಗೆ ಏನಾದರೂ ವಿಚಿತ್ರ ವೇಷ. 2016ರ ಜನವರಿಯಲ್ಲಿ ಆರೆಗನ್ ಸ್ಟೇಟ್ ಹುಡುಗ ಎಸೆಯಲು ನಿಂತಾಗ ಪರದೆ ಸರಿದರೆ ಒಳಗಿದ್ದದ್ದು ಮೈಕಲ್ ಫೆಲ್ಪ್ಸ್, ಈಜುಚಡ್ಡಿಯಲ್ಲಿ, ಕೊರಳಲ್ಲಿ ಒಲಿಂಪಿಕ್ ಪದಕಗಳ ಸಮೇತ! ಎರಡೂ ಎಸೆತ ತಪ್ಪಿತು.

ಕ್ಯಾನ್ಸಸ್‌ನಲ್ಲಿ ಎದುರಾಳಿ ಆಟಗಾರರ ಹೆಸರು ಕೂಗುವಾಗ ವಿದ್ಯಾರ್ಥಿಗಳೆಲ್ಲ ಪೇಪರ್ ಬಿಡಿಸಿ ಓದುತ್ತಾ ನಿಲ್ತಾರೆ. ಆ ಕ್ಯಾನ್ಸಸ್‌ಗೆ ಮೊದಲ ಕೋಚ್ ಆಗಿದ್ದವರು 1891ರಲ್ಲಿ ಈ ಆಟವನ್ನೇ ಕಂಡುಹಿಡಿದ ಜೇಮ್ಸ್ ನೇಸ್ಮಿತ್. ಅವರ ದಾಖಲೆ 55 ಗೆಲುವು, 60 ಸೋಲು. ಅಲ್ಲಿಯ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರೋದು ಅವರೊಬ್ಬರಿಗೇ. ಇಂಡಿಯಾನಾದ ಟೇಲರ್ ಯೂನಿವರ್ಸಿಟಿಯಲ್ಲಿ ಡಿಸೆಂಬರ್ ಪರೀಕ್ಷೆ ಮುಂಚೆ ಒಂದು ಆಟಕ್ಕೆ ವೇಷ ಹಾಕಿಕೊಂಡು ಬಂದು, ತಮ್ಮ ತಂಡ ಹತ್ತನೇ ಅಂಕ ಹಾಕುವವರೆಗೆ ಪಿಟ್ಟೆನ್ನದೆ ಕೂರ್ತಾರೆ. ಹತ್ತು ಆಯ್ತೋ, ಚಾವಣಿ ಹಾರುತ್ತೆ. ಡ್ಯೂಕ್‌ನ ಕ್ಯಾಮರೂನ್ ಕ್ರೀಡಾಂಗಣದಲ್ಲಿ ಬರೀ 9,314 ಸೀಟು. ಅಂಗಳದ ಅಂಚಿಗೇ ಜನ ನಿಂತಿರೋದರಿಂದ ಚೆಂಡು ಒಳಕ್ಕೆ ಎಸೆಯೋ ಹುಡುಗನ ಬೆನ್ನಿಗೇ ಅವರ ಬೆರಳು ತಾಗುವಷ್ಟು ಹತ್ತಿರ.

2025ರಲ್ಲಿ ಮೆಕ್‌ನೀಸ್ ತಂಡದ ಸ್ಟೂಡೆಂಟ್ ಮ್ಯಾನೇಜರ್ ಕೊರಳಿಗೆ ದೊಡ್ಡ ಸ್ಪೀಕರ್ ನೇತುಹಾಕಿಕೊಂಡು ತಂಡವನ್ನು ಅಂಗಳಕ್ಕೆ ಕರೆತರುತ್ತಿದ್ದ. ಅವನಿಗೇ ಜಾಹೀರಾತು ಒಪ್ಪಂದಗಳು ಸಿಕ್ಕವು. ಹೆಸರು ಅಮೀರ್ ಖಾನ್! ಆ ವರ್ಷ ಅವರು 12ನೇ ಸೀಡಾಗಿ ಕ್ಲೆಮ್ಸನ್‌ನ 69-67ರಿಂದ ಸೋಲಿಸಿದರು. ಕೋಚ್ ವಿಲ್ ವೇಡ್ ನಿಮ್ಮೂರಿನ ಎನ್‌ಸಿ ಸ್ಟೇಟ್‌ಗೆ ಬಂದಾಗ ಅವನೂ ಜೊತೆಗೆ ಬಂದ.

ಸುಮಾ_ಆಸ್ಟಿನ್:

ಮಹಿಳೆಯರ ಬ್ರಾಕೆಟ್ ತುಂಬುವಾಗ ಮೇಲಿನ ಲೆಕ್ಕವನ್ನು ಹಾಗೇ ಎತ್ತಿ ಹಾಕಬೇಡಿ. ಅಲ್ಲಿ ಮೊದಲ ಎರಡು ಸುತ್ತು 1ರಿಂದ 4ನೇ ಸೀಡುಗಳ ಸ್ವಂತ ಅಂಗಳದಲ್ಲೇ ನಡೆಯುತ್ತೆ, ಹಾಗಾಗಿ ಅನಿರೀಕ್ಷಿತ ಫಲಿತಾಂಶ ಕಡಿಮೆ. ಆ ನಾಲ್ಕು ಸೀಡುಗಳನ್ನು ಹೆಚ್ಚು ಕಡೆ ಮುಂದಕ್ಕೆ ಕಳಿಸಿ. ಹಾಗಂತ ಅಸಾಧ್ಯ ಅಂತಲ್ಲ: 16ನೇ ಸೀಡ್ 1ನೇ ಸೀಡನ್ನು ಸೋಲಿಸಿದ್ದು ಮಹಿಳೆಯರಲ್ಲೇ ಮೊದಲು, 1998ರಲ್ಲಿ ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಅಂಗಳಕ್ಕೇ ಹೋಗಿ 71-67. ಪುರುಷರಿಗೆ ಅದು ಸಾಧ್ಯವಾಗಿದ್ದು ಇಪ್ಪತ್ತು ವರ್ಷ ಆದ ಮೇಲೆ.

ನಿಯಮವೂ ಬೇರೆ. 10 ನಿಮಿಷದ ನಾಲ್ಕು ಕ್ವಾರ್ಟರ್, ಒನ್ ಅಂಡ್ ಒನ್ ಇಲ್ಲ, ಕ್ವಾರ್ಟರಿನ ಐದನೇ ಫೌಲಿನಿಂದ ಎರಡು ಎಸೆತ ಖಚಿತ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಆರಿಜೋನಾ ಪರ ಡಿವಿಷನ್ ಒಂದರಲ್ಲಿ ಆಡಿದ್ದಾರೆ, ಆ ಆಟಗಳ ತುಣುಕು ಸಿಕ್ಕಿದರೆ ನೋಡಿ.

ಹನ್ನೆರಡನೇ_ಸೀಡ್:

ಟೈಬ್ರೇಕರ್ ಬಿಟ್ಟುಹೋಯ್ತು. ಪುರುಷರ ಫೈನಲ್ ಒಟ್ಟು: 2022ರಲ್ಲಿ 72-69, ಅಂದರೆ 141. 2023ರಲ್ಲಿ 76-59, 135. 2024ರಲ್ಲಿ 75-60, ಮತ್ತೆ 135. 2025ರಲ್ಲಿ 65-63, 128. 2019ರಲ್ಲಿ ಮಾತ್ರ ಓವರ್‌ಟೈಮ್‌ಗೆ ಹೋಗಿ 162. ನೀವು ಆರಿಸಿದ ಎರಡೂ ತಂಡ ವೇಗದ ಆಟದವಾದರೆ 145, ಇಲ್ಲದಿದ್ದರೆ 136 ಬರೆದುಬಿಡಿ.