ಕುಮಾರ ಗಂಧರ್ವರ ಕಬೀರ ಭಜನಿ ನನಗ್ಯಾಕ ಹತ್ತವಲ್ದು?

ಸಿಂಧನೂರ ಕೇಳುಗ:
ಬೈಬ್ಯಾಡ್ರಿ, ಮೊದ್ಲ ಹೇಳಿಬಿಡ್ತೀನಿ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ನಿರ್ಗುಣಿ ಭಜನಿ (ರೂಪ ಇಲ್ಲದ ದೇವರ ಮ್ಯಾಲಿನ ಕಬೀರನಂಥವರ ಪದ) ಆಲ್ಬಂ ಅಂದ್ರ ಎಲ್ಲಾರೂ ಕಣ್ಣು ಮುಚ್ಚಿ ತಲಿ ಅಲ್ಲಾಡಿಸ್ತಾರ, ನಂಗ ಏನೂ ಆಗವಲ್ದು. ಭೀಮಸೇನ ಜೋಶಿಯವರ ದಾಸರ ಪದ ಹಚ್ಚಿದ್ರ ಅಡಗಿ ಮನ್ಯಾಗಿನ ಅವ್ವನೂ ಹೊರಗ ಬಂದು ಕುಂಡ್ರತಾಳ. ಇದನ್ನ ಹಚ್ಚಿದ್ರ "ಯಾಕ ಹಿಂಗ ನಡುನಡುವ ನಿಲ್ಲಸ್ತಾರ" ಅಂತಾಳ. ಒಮ್ಮಿಗೇ ಮ್ಯಾಲಕ್ಕ ಜಿಗದು ಕೂಗಿದಂಗ ಒಂದು ಸಾಲು, ಅರ್ಧಕ್ಕ ಬಿಟ್ಟು ಸುಮ್ನ, ಬರೇ ತಂಬೂರಿ ಕೇಳಸ್ತದ, ಆಮ್ಯಾಲೆ ಮತ್ತೆಲ್ಲಿಂದೋ ಬರ್ತಾರ. 1990ರಾಗ ಪದ್ಮವಿಭೂಷಣ ಕೊಟ್ಟಾರ, ದೊಡ್ಡವ್ರು, ಎಲ್ಲಾ ಖರೆ. ಪ್ರಶಸ್ತಿ ನೋಡಿ ಹಾಡು ಹಿಡಸಬೇಕಂದ್ರ ಹೆಂಗ?

ರಾಯಚೂರು ತಬಲಾ ಮೇಷ್ಟ್ರು:
ನಡುನಡುವ ನಿಲ್ಲಸ್ತಾರ ಅಂದ್ರಲ್ಲ, ಯಾಕ ಅಂತ ಗೊತ್ತದೇನು? ಕ್ಷಯ ಆಗಿ ಒಂದು ಲಂಗ್ಸ್ ಹೋಗಿತ್ತು ಅವರದು. 1948ರಾಗ ಹವಾ ಚಲೋ ಅದ ಅಂತ ಮಧ್ಯಪ್ರದೇಶದ ದೇವಾಸಕ್ಕ ಹೋಗಿ ಹಾಸಿಗಿ ಹಿಡಿದ್ರು, ಡಾಕ್ಟ್ರು ಹಾಡಬ್ಯಾಡ್ರಿ ಅಂದಿದ್ರು, ಸ್ಟ್ರೆಪ್ಟೊಮೈಸಿನ್ ಔಷಧ ಬಂದ ಮ್ಯಾಲೆ ಜೀವ ಉಳದು 1953ಕ್ಕ ಮತ್ತ ವೇದಿಕಿ ಹತ್ಯಾರ. ಉಳಿದ ಉಸಿರಿನಾಗ ಹಾಡಿದ್ದದು. ನಾವು ನಾಕು ಪಾವಟಿಗಿ ಹತ್ತಿದ್ರ ತೇಕ್ತೀವಿ.

ಬಳ್ಳಾರಿ ಬಿಸಿಲು:
"ಉಳಿದ ಉಸಿರಿನಾಗ" ಅಂತೆ. ಕನಿಕರಕ್ಕೆ ಮಾರ್ಕ್ಸ್ ಕೊಡ್ಬೇಕಾ ಸರ್? ಹಂಗಾದ್ರೆ ಕ್ಯಾಸೆಟ್ ಜೊತೆ ಎಕ್ಸ್‌ರೇನೂ ಇಟ್ಟು ಮಾರ್ಬೇಕಿತ್ತು. ಕೇಳೋರಿಗೆ ಹಿಡಿಸ್ಲಿಲ್ವಾ, ಮುಗೀತು.

ಕೊಪ್ಪಳ ಕಟ್ಟಿ ಪುರಾಣ:
ಕನಿಕರ ಗಿನಿಕರ ಬಿಡ್ರಿ, ಆ ಲಂಗ್ಸ್ ಕಥಿನ ನಾ ಒಪ್ಪಂಗಿಲ್ಲ. ಸಣ್ಣ ಹುಡುಗ ಇದ್ದಾಗ ಗ್ರಾಮಫೋನ್ ಪ್ಲೇಟ್ ಕೇಳಿ ದೊಡ್ಡದೊಡ್ಡ ಉಸ್ತಾದರಂಗ ಇದ್ದಕ್ಕಿದ್ದಂಗ ಹಾಡಿ ತೋರಸ್ತಿದ್ದ, ಅದನ್ನ ಕೇಳಿನ ಸ್ವಾಮಿಗಳು ಕುಮಾರ ಗಂಧರ್ವ ಅಂತ ಹೆಸರು ಕೊಟ್ಟಿದ್ದು. ಅಂಥವಂಗ ಉದ್ದಕ ಎಳಿಯಾಕ ಬರ್ತಿರ್ಲಿಲ್ಲೇನು? ಬ್ಯಾಡ ಅನಿಸಿ ಬಿಟ್ಟಾನ. ಅವನ ದ್ರುತ್ ಬಂದಿಶ್ (ಜೋರು ಲಯದ ಹಾಡು) ಹಚ್ಚಿ ತಾನ್ (ಸರಸರ ಓಡೋ ಸ್ವರದ ಸಾಲು) ಕೇಳ್ರಿ, ಉಸಿರು ಸಾಲದವ್ರು ಹಾಡೋ ಹಂಗ ಅದಾವೇನು?

ರಾಯಚೂರು ತಬಲಾ ಮೇಷ್ಟ್ರು:
"ಬಿಟ್ಟಾನ" ಅಂತ ಏಕವಚನ ಬ್ಯಾಡ್ರಿ, ನಿಮ್ಮ ಓಣಿ ಗೆಳೆಯ ಅಲ್ಲ ಅವ್ರು.

ಕೊಪ್ಪಳ ಕಟ್ಟಿ ಪುರಾಣ:
ನಮ್ಮ ಕಡಿ ಗವಿಮಠದ ಗವಿಸಿದ್ದಪ್ಪಜ್ಜಗೂ ಏಕವಚನಾನ ಮೇಷ್ಟ್ರ. ತಾನ್ ಬಗ್ಗೆ ಕೇಳೀನಿ, ಅದನ್ನ ಹೇಳ್ರಿ.

ರಾಯಚೂರು ತಬಲಾ ಮೇಷ್ಟ್ರು:
ಆ ತಾನ್ ಎಲ್ಲಾ ತುಣುಕು ತುಣುಕು. ಒಂದು ಉಸಿರಿಗೆ ಎಷ್ಟು ಹಿಡಿತಾವ ಅಷ್ಟ. ಇದ್ದದ್ದನ್ನ ಶೈಲಿ ಮಾಡ್ಕೊಂಡ್ರು, ಅದಾ ದೊಡ್ಡಸ್ತಿಕಿ.

ಬಳ್ಳಾರಿ ಬಿಸಿಲು:
ಶೈಲಿ "ಮಾಡ್ಕೊಂಡ್ರು" ಅಂದ ಮೇಲೆ ಅವರಾಗೇ ಆರಿಸ್ಕೊಂಡಿದ್ದು ಅಂತ ಆಯ್ತಲ್ಲ. ಕೊಪ್ಪಳದವ್ರು ಹೇಳಿದ್ದೂ ಅದೇ. ಯಾಕ್ ಜಗಳ ಆಡ್ತಿದೀರಿ ನೀವಿಬ್ರೂ?

ಕೊಪ್ಪಳ ಕಟ್ಟಿ ಪುರಾಣ:
ನಾ ಹೇಳಿದ್ದು ಅದಲ್ಲ.

ಮಾನ್ವಿ ದಾರಿಯವ:
ಲಂಗ್ಸ್ ಸಾಕು ಮಾಡ್ರಪ್ಪಾ, ದವಾಖಾನಿ ಆಗ್ಯದ ಇದು. ಸಿಂಧನೂರ ಅಣ್ಣಾರ, ಭೀಮಸೇನರದು ಕಿರಾಣಾ ಘರಾಣಾದ ಹಾಡೋ ಪದ್ಧತಿ, ಸ್ವರಕ್ಕ ಸ್ವರ ಹಚ್ಚಿ ನಿಧಾನಕ ಬೆಳಸ್ಕೊಂತ ಹೋಗ್ತಾರ, ಆ ರೂಢಿ ಇಟ್ಕೊಂಡು ಇದನ್ನ ಕೇಳಿದ್ರ ಹರಕಂಗ ಅನಸ್ತದ. ಮತ್ತ ದಾಸರ ಪದ ನಮಗ ಹುಟ್ಟಿದಾಗಿಂದ ಕಿವಿ ಮ್ಯಾಲೆ ಬಿದ್ದಾವ, ವಿಜಯದಾಸರು ಚೀಕಲಪರ್ವಿಯವ್ರು, ಜಗನ್ನಾಥದಾಸರು ಮಾನ್ವಿಯವ್ರು, ಮಾತು ಬಾಯಾಗ ಅದಾವ. ಕಬೀರನ ಹಿಂದಿ ಹಂಗ ತಿಳಿಯಂಗಿಲ್ಲ. ಇನ್ನ ಈ ಭಜನಿ ಕುಮಾರರು ಎಲ್ಲಿ ಹಿಡಿದ್ರು? ಹಾಸಿಗಿ ಹಿಡಿದಾಗ ದೇವಾಸದ ಬೀದಿಯಾಗ ನಾಥಪಂಥದ ಜೋಗಿಗಳು ಹಾಡ್ಕೊಂತ ಭಿಕ್ಷಾಕ್ಕ ಬರ್ತಿದ್ರು, ಅವರದು ಕೇಳಿ. ನಮ್ಮೂರಾಗ ಅಮಾಸಿ ರಾತ್ರಿ ಏಕತಾರಿ ದಮ್ಮಡಿ ಹಿಡ್ಕೊಂಡು ತತ್ವಪದ ಹಾಡೋ ಮುದುಕ್ರೂ ಹಿಂಗ ಒಮ್ಮಿಗೇ ಮ್ಯಾಲೆ ಎತ್ತಿ ಕೈ ಬಿಡ್ತಾರ. ಅಲ್ಲಿ ಒಂದಿನ ಕುಂತು ಬಂದು ಆಮ್ಯಾಲೆ ಹಚ್ಚ್ರಿ.

ಸಿಂಧನೂರ ಕೇಳುಗ:
ಹಿಂದಿ ತಿಳಿಯಂಗಿಲ್ಲ ಅಂತ ಯಾರು ಹೇಳಿದ್ರು ನಿಮಗ? ಹೈದರಾಬಾದ್‌ನಾಗ ಕೆಲಸ ಮಾಡಿ ಬಂದವ ನಾನು.

ರಾಯಚೂರು ತಬಲಾ ಮೇಷ್ಟ್ರು:
ಅಮಾಸಿ ಭಜನಿಗೂ ಕುಮಾರ ಗಂಧರ್ವರಿಗೂ ಸಮ ಮಾಡಿದ್ರಲ್ಲ, ಕೈ ಮುಗೀತೀನಿ. ಮುಂಬೈಯಾಗ ಬಿ.ಆರ್. ದೇವಧರ್ ಅನ್ನೋ ಸಂಗೀತ ಗುರುಗಳ ಹಂತೇಕ ವರ್ಷಗಟ್ಲೆ ಕಲಿತವ್ರು ಅವ್ರು.

ಮಾನ್ವಿ ದಾರಿಯವ:
ಕಲಿತವ್ರ ಜೋಗಿಗಳ ಹಾಡು ಹಿಡಕೊಂಡು ಹೋದ್ರು, ನಿಮಗ ಊರ ಭಜನಿ ಕೀಳಾತು. ಚಲೋ ಅದ.

ದೇವದುರ್ಗದ ತಮ್ಮ:
ರಾಯಚೂರಾಗ ಗಾಯಕ ಸಿದ್ರಾಮ ಜಂಬಲದಿನ್ನಿಯವರ ಹೆಸರೀಲೆ ರಂಗಮಂದಿರಾನ ಅದ, ಅವರ ವಚನ ಕೇಳೋದು ಬಿಟ್ಟು ದೇವಾಸಕ್ಕ ಯಾಕ ಹೊಂಟೀರೋ ಎಲ್ಲಾರೂ.

ಕೊಪ್ಪಳ ಕಟ್ಟಿ ಪುರಾಣ:
ಕುಮಾರನೂ ನಮ್ಮವನ ತಮ್ಮಾ, 1924ರಾಗ ಬೆಳಗಾವಿ ಕಡಿ ಸುಳೇಭಾವಿಯಾಗ ಹುಟ್ಯಾನ. ಶಿವಪುತ್ರಪ್ಪ ಕೋಮಕಲಿಮಠ ಅಂತ ಹೆಸರು.

ರಾಯಚೂರು ತಬಲಾ ಮೇಷ್ಟ್ರು:
ಮತ್ತ "ಹುಟ್ಯಾನ".

ಬಳ್ಳಾರಿ ಬಿಸಿಲು:
ಕೇಳುಗರೇ, ಯಾವುದ್ರಲ್ಲಿ ಕೇಳಿದ್ರಿ? ಮೊಬೈಲ್ ಸ್ಪೀಕರ್‌ನಾಗೆ ಆಗಿದ್ರೆ ತಂಬೂರಿನೇ ಕೇಳ್ಸಲ್ಲ. ಅವರು ತಂಬೂರಿ ಶ್ರುತಿ ಮಾಡೋದ್ರಾಗೆ ಭಾರೀ ಕಟ್ಟುನಿಟ್ಟು, ಆ ಸುಮ್ನೆ ಇರೋ ಜಾಗದಾಗೆ ಕೇಳ್ಬೇಕಾಗಿದ್ದೇ ಅದು.

ಸಿಂಧನೂರ ಕೇಳುಗ:
ಬರೇ ತಂಬೂರಿ ಕೇಳಸ್ತದ ಅಂತ ನಾನ ಬರದೀನಲ್ಲೋ ಮಾರಾಯ. ಓದಿ ಕಮೆಂಟ್ ಹಾಕ್ರಿ.

ರಾಯಚೂರು ತಬಲಾ ಮೇಷ್ಟ್ರು:
ಕೊಪ್ಪಳದವ್ರ, ರೋಗ ಬರೋಕ್ಕಿಂತ ಮೊದಲಿಂದು ರೆಕಾರ್ಡಿಂಗ್ ಲಿಂಕ್ ಇದ್ರ ಹಾಕ್ರಿ, ಹೋಲಿಸಿ ನೋಡೂಣು. ಇಲ್ಲಾಂದ್ರ ಸುಮ್ನ ಕುಂಡ್ರಿ.

ಕೊಪ್ಪಳ ಕಟ್ಟಿ ಪುರಾಣ:
ಲಿಂಕ್ ನೀವ ಹುಡುಕ್ರಿ. ಮೇಷ್ಟ್ರು ನೀವಲ್ಲೇನು?